ಒಂದೇ ಕಂಪನಿಗೆ ಎಂಟು ಅರ್ಜಿ

(ಶಾಲೆಯ ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಮುಖ್ಯೋಪಾಧ್ಯಾಯರು ಫೋನ್ ಮಾಡಿ, "ನಿಮ್ಮ ಸಾಧನೆಯ ಬಗ್ಗೆ ಹತ್ತು ನಿಮಿಷ ಮಾತಾಡಿ" ಎಂದರು. ಸಾಧನೆ ಎನ್ನುವಂಥದ್ದು ನನ್ನಲ್ಲಿ ಹೆಚ್ಚಿಲ್ಲ. ಆದರೆ ಕೆಲಸ ಹುಡುಕುವಾಗ ನಾನು ಮಾಡಿದ ಒಂದು ತಪ್ಪನ್ನು ನಮ್ಮ ಕಡೆಯ ಮಕ್ಕಳು ಈಗಲೂ ಮಾಡುತ್ತಿದ್ದಾರೆ. ಇವತ್ತು ಅದನ್ನೇ ಹೇಳುತ್ತೇನೆ.

ನಾನು ಬಿ.ಇ. ಮುಗಿಸಿದ್ದು 2013ರಲ್ಲಿ. ಕಾಲೇಜಿನಲ್ಲಿ ಕ್ಯಾಂಪಸ್ ಆಯ್ಕೆ ಆಗಲಿಲ್ಲ. ಬೆಂಗಳೂರಿನ ಒಂದು ಪಿ.ಜಿ.ಯಲ್ಲಿ ನಾಲ್ವರು ಇದ್ದ ಕೋಣೆಯಲ್ಲಿ ಆರು ತಿಂಗಳು ಕಳೆದೆ. ಅಪ್ಪ ನನ್ನ ಓದಿಗೆ ಮಾಡಿದ ಸಾಲದ ಬಡ್ಡಿ ಬೆಳೆಯುತ್ತಲೇ ಇತ್ತು. ಒಂದು ದಿನ ದೊಡ್ಡ ಕಂಪನಿಯೊಂದರ ವೆಬ್‌ಸೈಟಿನಲ್ಲಿ ಹೊಸಬರಿಗೆ ಹಲವು ಹುದ್ದೆಗಳು ಖಾಲಿ ಇರುವುದು ಕಂಡಿತು. ಸೈಬರ್ ಸೆಂಟರಿನಲ್ಲಿ ಕುಳಿತು ಒಂದೇ ರಾತ್ರಿ ಎಂಟು ಅರ್ಜಿ ಹಾಕಿದೆ. ಕೋಡ್ ಬರೆಯುವ ಕೆಲಸ, ಟೆಸ್ಟಿಂಗ್, ಡೇಟಾಬೇಸ್, ನೆಟ್‌ವರ್ಕ್, ಸಪೋರ್ಟ್, ಕೊನೆಗೆ ಎಚ್.ಆರ್. ವಿಭಾಗದ ತರಬೇತಿ ಹುದ್ದೆಯನ್ನೂ ಬಿಡಲಿಲ್ಲ. ಒಂದೊಂದು ಅರ್ಜಿಗೂ ರೆಸ್ಯೂಮೆ ತಿದ್ದಿದೆ. ಟೆಸ್ಟಿಂಗ್ ಅರ್ಜಿಯಲ್ಲಿ ಟೆಸ್ಟಿಂಗೇ ನನ್ನ ಜೀವನದ ಗುರಿ, ನೆಟ್‌ವರ್ಕ್ ಅರ್ಜಿಯಲ್ಲಿ ನೆಟ್‌ವರ್ಕೇ ಗುರಿ.

ಅಪ್ಪ ಊರಿನ ಟೀ ಅಂಗಡಿಯಲ್ಲಿ, "ಮಗ ಎಂಟು ಕೆಲಸಕ್ಕೆ ಅರ್ಜಿ ಹಾಕವ್ನೆ, ಒಂದಾದ್ರೂ ಸಿಗುತ್ತೆ" ಎಂದು ಹೇಳಿಕೊಂಡಿದ್ದರಂತೆ.

ಹತ್ತು ದಿನಕ್ಕೆ ಸಂದರ್ಶನಕ್ಕೆ ಕರೆ ಬಂತು. ಒಬ್ಬರು ಮೇಡಂ ಕಂಪ್ಯೂಟರ್ ನೋಡುತ್ತಾ ನಿಧಾನವಾಗಿ ಕೇಳಿದರು: "ನಿಮ್ಮ ಕೊನೆಯ ವರ್ಷದ ಪ್ರಾಜೆಕ್ಟ್ ಒಂದೇ ಅಲ್ಲವೇ? ಒಂದು ರೆಸ್ಯೂಮೆಯಲ್ಲಿ ಕೋಡ್ ಪೂರ್ತಿ ನೀವೇ ಬರೆದಿದ್ದು ಅಂತಿದೆ. ಇನ್ನೊಂದರಲ್ಲಿ ನೀವು ಟೆಸ್ಟಿಂಗ್ ಮಾತ್ರ ಮಾಡಿದ್ದು ಅಂತಿದೆ. ಯಾವುದು ನಿಜ?" ನನಗೆ ಮಾತೇ ಹೊರಡಲಿಲ್ಲ. ಆ ವಾರ ಎಂಟು ತಿರಸ್ಕಾರದ ಮೇಲ್‌ಗಳು ಬಂದವು.

ಊರಿಗೆ ಬಂದು ಅಪ್ಪನಿಗೆ ಹೇಳಿದೆ. ಅವರು ಬೈಯಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಂದೇ ಮನೆಗೆ ಹೋಗಿ ಅಕ್ಕನ್ನ ಕೊಟ್ರೂ ಸರಿ, ತಂಗೀನ ಕೊಟ್ರೂ ಸರಿ ಅಂದಂಗಾಯ್ತಲ್ಲೋ. ಯಾವ ಮನೆಯೋರು ಹೆಣ್ಣು ಕೊಡ್ತಾರೆ?" ಎಂದರು. ಕಂಪನಿಯ ಮುಖವನ್ನೇ ನೋಡದ ಅಪ್ಪನಿಗೆ ತಿಳಿದದ್ದು ಬಿ.ಇ. ಓದಿದ ನನಗೆ ತಿಳಿದಿರಲಿಲ್ಲ.

ಮಕ್ಕಳೇ, ಇದು ಯಾಕೆ ಹೀಗೆ ಎಂದು ತಿಳಿದುಕೊಳ್ಳಿ. ದೊಡ್ಡ ಕಂಪನಿಗಳಲ್ಲಿ ಅರ್ಜಿಗಳನ್ನು ಇಡುವುದಕ್ಕೇ ಒಂದು ಸಾಫ್ಟ್‌ವೇರ್ ಇರುತ್ತದೆ. ನಿಮ್ಮ ಇ-ಮೇಲ್, ಫೋನ್ ನಂಬರ್ ಹಿಡಿದು, ನೀವು ಹಾಕಿದ ಅರ್ಜಿಗಳೆಲ್ಲವನ್ನೂ ಅದು ಒಂದೇ ಕಡೆ ತೋರಿಸುತ್ತದೆ. ಎಂಟು ಮೇಜಿಗೆ ಎಂಟು ಅರ್ಜಿ ಹೋದವು ಎಂದು ನಾನು ತಿಳಿದಿದ್ದೆ. ಎಂಟೂ ಒಂದೇ ಮೇಜಿನ ಮೇಲಿದ್ದವು.

ಸಿ.ಇ.ಟಿ. ಆದ ಮೇಲೆ ಆಪ್ಷನ್ ಎಂಟ್ರಿ ಮಾಡುತ್ತೇವಲ್ಲ, ಅಲ್ಲಿ ಎಷ್ಟು ಕಾಲೇಜು ಬರೆದರೂ ತೊಂದರೆಯಿಲ್ಲ. ಯಾವುದು ಮೊದಲು, ಯಾವುದು ಆಮೇಲೆ ಎಂದು ನೀವೇ ಕ್ರಮ ಕೊಟ್ಟಿರುತ್ತೀರಿ. ಐ.ಬಿ.ಪಿ.ಎಸ್. ಬ್ಯಾಂಕ್ ಪರೀಕ್ಷೆ, ಎಸ್.ಎಸ್.ಸಿ.ಯ ಪದವಿ ಮಟ್ಟದ ಪರೀಕ್ಷೆಗಳಲ್ಲೂ ಹಾಗೆಯೇ, ಒಂದೇ ಪರೀಕ್ಷೆ ಬರೆದು ಆದ್ಯತೆ ಕೊಡಬಹುದು. ಕಂಪನಿಯ ಅರ್ಜಿಯಲ್ಲಿ ಆ ಕ್ರಮ ಇರುವುದಿಲ್ಲ. ಎಂಟು ಅರ್ಜಿ ಕಂಡವರಿಗೆ, 'ಈ ಹುಡುಗನಿಗೆ ಏನು ಬೇಕು ಅಂತ ಇವನಿಗೇ ಗೊತ್ತಿಲ್ಲ' ಎನಿಸುತ್ತದೆ. ರೈಲ್ವೆಯಲ್ಲಂತೂ ಒಂದೇ ನೇಮಕಾತಿಗೆ ಎರಡು ನೇಮಕಾತಿ ಮಂಡಳಿಗಳಿಗೆ ಅರ್ಜಿ ಹಾಕಿದರೆ ಎಲ್ಲ ಅರ್ಜಿಯೂ ತಿರಸ್ಕೃತವಾಗುತ್ತದೆ. ಆದ್ದರಿಂದ ಅಧಿಸೂಚನೆಯನ್ನು ಪೂರ್ತಿ ಓದದೆ ಯಾವ ಅರ್ಜಿಯನ್ನೂ ಹಾಕಬೇಡಿ.

ಹಾಗಾದರೆ ಒಂದೇ ಕಂಪನಿಗೆ ಎರಡು ಅರ್ಜಿ ಹಾಕಲೇಬಾರದೇ? ಹಾಕಬಹುದು. ಗೂಗಲ್‌ನಂಥ ಕಂಪನಿಯೇ 30 ದಿನಗಳಲ್ಲಿ ಮೂರು ಹುದ್ದೆಗಳವರೆಗೆ ಅರ್ಜಿ ಹಾಕಲು ಬಿಡುತ್ತದೆ. ಆದರೆ ಹುದ್ದೆಗಳು ಒಂದಕ್ಕೊಂದು ಹತ್ತಿರದವಾಗಿರಲಿ, ಕೇಳಿರುವ ಅರ್ಹತೆ ನಿಮ್ಮಲ್ಲಿರಲಿ. ರೆಸ್ಯೂಮೆಯಲ್ಲಿ ಒಂದೊಂದು ಕಡೆ ಒಂದೊಂದು ವಿಷಯಕ್ಕೆ ಒತ್ತು ಕೊಡಿ, ತಪ್ಪಲ್ಲ. ಸಂಗತಿ ಮಾತ್ರ ಬದಲಾಗಬಾರದು. ಸಂದರ್ಶನದಲ್ಲಿ ಕೇಳಿದರೆ, "ಎರಡಕ್ಕೆ ಹಾಕಿದ್ದೇನೆ, ಮೊದಲ ಆಯ್ಕೆ ಇದು, ಕಾರಣ ಇದು" ಎಂದು ನೇರವಾಗಿ ಹೇಳಿ. ಬೇರೆ ಬೇರೆ ಕಂಪನಿಗಳಿಗೆ ಎಷ್ಟು ಬೇಕಾದರೂ ಹಾಕಿ, ಅದಕ್ಕೆ ಮಿತಿಯಿಲ್ಲ.

ಇನ್ನೊಂದು ಮಾತು. ಒಂದು ಹುದ್ದೆಗೆ ಬೇಡ ಎಂದರೆ ಆ ಕಂಪನಿಯ ಬಾಗಿಲೇ ಮುಚ್ಚಿತು ಎಂದಲ್ಲ. ನಾನು ಆಮೇಲೆ ಸಣ್ಣ ಕಂಪನಿಯೊಂದರಲ್ಲಿ 14 ತಿಂಗಳು ಕೆಲಸ ಮಾಡಿದೆ. ಆಸ್ಪತ್ರೆಗಳ ಬಿಲ್ಲಿಂಗ್ ಸಾಫ್ಟ್‌ವೇರ್ ಕೆಟ್ಟಾಗ ಫೋನ್ ಎತ್ತುವ ಕೆಲಸ. ತಪ್ಪು ಎಲ್ಲಿದೆ ಎಂದು ಹುಡುಕುವುದು ನನಗೆ ಇಷ್ಟ ಎಂದು ಅಲ್ಲಿ ಗೊತ್ತಾಯಿತು. ಆಗ ಅದೇ ದೊಡ್ಡ ಕಂಪನಿಯಲ್ಲಿ ಸಪೋರ್ಟ್ ಎಂಜಿನಿಯರ್ ಹುದ್ದೆ ಕಂಡಿತು. ಹೆದರಿಕೊಂಡೇ ಒಂದೇ ಒಂದು ಅರ್ಜಿ ಹಾಕಿದೆ. ಸಂದರ್ಶಕರು, "ಹಿಂದೆ ಎಂಟು ಅರ್ಜಿ ಹಾಕಿದ್ದಿರಲ್ಲ?" ಎಂದೇ ಶುರು ಮಾಡಿದರು. ಇದ್ದದ್ದು ಇದ್ದಹಾಗೆ ಹೇಳಿದೆ. ಅವರು ನಕ್ಕರು. ಕೆಲಸ ಸಿಕ್ಕಿತು. ಎರಡು ವರ್ಷಕ್ಕೆ ಒಳಗಿನಿಂದಲೇ ಅರ್ಜಿ ಹಾಕಿ ಕೋಡ್ ಬರೆಯುವ ತಂಡ ಸೇರಿದೆ. ಅಪ್ಪನ ಸಾಲ ತೀರಿದ್ದು ಆಗಲೇ.

ಈಗ ಸಂದರ್ಶನ ಮಾಡುವವರ ಸಾಲಿನಲ್ಲಿ ನಾನೂ ಕೂರುತ್ತೇನೆ. ಕಳೆದ ವರ್ಷ ನಮ್ಮ ತಾಲ್ಲೂಕಿನ ಒಬ್ಬ ಹುಡುಗನ ಅರ್ಜಿಗಳನ್ನು ನೋಡಿದೆ. ಆರು ಹುದ್ದೆ, ಆರು ಬಗೆಯ ರೆಸ್ಯೂಮೆ. ಅವನನ್ನು ಕರೆದು ಮಾತಾಡಿಸೋಣ ಎನ್ನುವಷ್ಟರಲ್ಲಿ ಅವನ ಹೆಸರು ಪಟ್ಟಿಯಿಂದ ಹೋಗಿತ್ತು. ಅವನು ದಡ್ಡನಲ್ಲ. ಹೇಳುವವರು ಇರಲಿಲ್ಲ, ಅಷ್ಟೆ. ನನಗೂ ಇರಲಿಲ್ಲ.

ಇದೇ ಶಾಲೆಯಲ್ಲಿ ನಮ್ಮ ವಿಜ್ಞಾನದ ಮೇಷ್ಟ್ರು, ಎರಡರಲ್ಲಿ ಒಂದಕ್ಕೆ ಉತ್ತರಿಸಿ ಎಂದ ಕಡೆ ಎರಡಕ್ಕೂ ಅರ್ಧರ್ಧ ಉತ್ತರ ಬರೆದಿದ್ದ ನನ್ನ ಪತ್ರಿಕೆ ಹಿಡಿದು, "ನಿಂಗೆ ಯಾವುದು ಬರುತ್ತೆ ಅಂತ ನಾನು ಹುಡುಕಬೇಕೇನೋ?" ಎಂದು ಕೇಳಿದ್ದರು. ಆ ಪಾಠ ತಲೆಗೆ ಹತ್ತಲು ನನಗೆ ಹತ್ತು ವರ್ಷ ಹಿಡಿಯಿತು. ನಿಮಗೆ ಅಷ್ಟು ಕಾಲ ಬೇಡ.

ಕೆಲಸಕ್ಕೆ ಅರ್ಜಿ ಹಾಕುವ ಮೊದಲು ಒಮ್ಮೆ ರೆಸ್ಯೂಮೆ ತೋರಿಸಬೇಕು ಎನಿಸಿದರೆ, ಈ ಶಾಲೆಯ ಯಾವ ವಿದ್ಯಾರ್ಥಿಯಾದರೂ ನನಗೆ ಕಳಿಸಬಹುದು. ನನ್ನ ನಂಬರ್ ಮುಖ್ಯೋಪಾಧ್ಯಾಯರ ಬಳಿ ಕೊಟ್ಟಿದ್ದೇನೆ.