ಕ್ಯಾಲಿಪರ್ ಬದಲಾದ ಮೇಲೆ: ಹಳೆಯ ಕಾರು, ಹೊಸ ಕಿರುಚಾಟ



ಹಳೆಯ ಸ್ಪೋರ್ಟ್ಸ್ ಕಾರಿನ ಬ್ರೇಕ್ ಕಿರುಚುವುದಕ್ಕೂ ಒಂದು ವಿಚಾರ ಸಂಕಿರಣವೇ ಎಂದು ಆಮಂತ್ರಣ ಪತ್ರಿಕೆ ನೋಡಿ ಕೆಲವರು ನಕ್ಕರಂತೆ. ನಗಲಿ. ಎಚ್.ಆರ್. ಮಿಲ್ಸ್ ಎಂಬುವರು ಬ್ರಿಟನ್ನಿನಲ್ಲಿ ಈ ಸದ್ದಿನ ಮೇಲೆ ಒಂದು ಇಡೀ ವರದಿ ಬರೆದದ್ದು 1938ರಲ್ಲಿ. ಅಂದಿನಿಂದ ಪ್ರಬಂಧಗಳು ಬರುತ್ತಲೇ ಇವೆ, ಸದ್ದೂ ಬರುತ್ತಲೇ ಇದೆ.

ವಡೋದರಾದಲ್ಲಿ ಈ ವಿಷಯ ಎತ್ತಿಕೊಳ್ಳುವುದಕ್ಕೆ ಕಾರಣಗಳಿವೆ. ಮಹಾರಾಜ ಸಯಾಜಿರಾವ್ ಗಾಯಕವಾಡರು ಕೈಕಸುಬನ್ನೂ ವಿಜ್ಞಾನವನ್ನೂ ಒಂದೇ ಸೂರಿನಡಿ ಕಲಿಸಲು 1890ರಲ್ಲಿ ಕಲಾಭವನ ತೆರೆದದ್ದು ಇಲ್ಲೇ. 2023ರ ಜನವರಿಯಲ್ಲಿ ಲಕ್ಷ್ಮೀವಿಲಾಸ ಅರಮನೆಯ ಅಂಗಳದಲ್ಲಿ ದೇಶದ ಹಳೆಯ ಕಾರುಗಳ ದೊಡ್ಡ ಪ್ರದರ್ಶನ ನಡೆಯಿತು. ಅಹಮದಾಬಾದಿನ ಕಠವಾಡಾದಲ್ಲಿ ಪ್ರಾಣಲಾಲ್ ಭೋಗಿಲಾಲ್ ಕಟ್ಟಿದ ಕಾರು ಸಂಗ್ರಹಾಲಯವನ್ನು ನಿಮ್ಮಲ್ಲಿ ಹಲವರು ನೋಡಿದ್ದೀರಿ. ಇಲ್ಲಿಂದ ಸ್ವಲ್ಪವೇ ದೂರದ ಹಾಲೋಲ್‌ನಲ್ಲಿ 2019ರಿಂದ ಎಂಜಿ ಲಾಂಛನದ ಕಾರುಗಳು ತಯಾರಾಗುತ್ತಿವೆ. ಆದರೆ 1962ರಿಂದ 1980ರವರೆಗೆ ಇಂಗ್ಲೆಂಡಿನಲ್ಲಿ ತಯಾರಾದ ಎಂಜಿಬಿಗೆ ಒಂದು ಜೊತೆ ಬ್ರೇಕ್ ಪ್ಯಾಡ್ ಬೇಕೆಂದರೆ ಹಾಲೋಲ್‌ಗೆ ಹೋಗಿ ಪ್ರಯೋಜನವಿಲ್ಲ. ಲಾಂಛನ ಒಂದೇ, ಸಂಸಾರ ಬೇರೆ.

ಅಂಥದೊಂದು ಎಂಜಿಬಿ ಗ್ಯಾರೇಜಿಗೆ ಬಂದಿದೆ ಎಂದುಕೊಳ್ಳಿ. ಪ್ಯಾಡನ್ನು ಡಿಸ್ಕಿಗೆ ಒತ್ತುವ ಹಳೆಯ ಕ್ಯಾಲಿಪರಿನ ಪಿಸ್ಟನ್ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ರೀಕಂಡೀಷನ್ ಆದ ಜೋಡಿ ತರಿಸಿ ಕೂರಿಸಿದಿರಿ. ಕಾರು ನೇರವಾಗಿ, ಚೆನ್ನಾಗಿಯೇ ನಿಲ್ಲುತ್ತದೆ. ಆದರೆ ಸಿಗ್ನಲ್ ಹತ್ತಿರ ಬಂದು ಪೆಡಲನ್ನು ಹಗುರವಾಗಿ ಒತ್ತಿದರೆ ರಸ್ತೆಯವರೆಲ್ಲ ತಿರುಗಿ ನೋಡುವಂತೆ ಕಿರುಚುತ್ತದೆ. ಮಾಲೀಕರು ಫೋನ್ ಮಾಡಿ, "ಏನಣ್ಣಾ, ಹೊಸ ಕ್ಯಾಲಿಪರೇ ಸರಿಯಿಲ್ಲವಲ್ಲ" ಅನ್ನುತ್ತಾರೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ತಪ್ಪು ಬಹುಮಟ್ಟಿಗೆ ಕ್ಯಾಲಿಪರಿನದಲ್ಲ. ನಾವು ಬದಲಾಯಿಸದೆ ಬಿಟ್ಟ ಹಳೆಯದಕ್ಕೂ ಕೂರಿಸಿದ ಹೊಸದಕ್ಕೂ ನಡುವೆ ಹೊಂದಾಣಿಕೆ ಆಗಿರುವುದಿಲ್ಲ. ಅದನ್ನು ಹುಡುಕುವ ಮೊದಲೇ ಸದ್ದಡಗಿಸಲು ಹೊರಡುವುದು ನಮ್ಮ ಕಸುಬಿನ ಕೆಟ್ಟ ಚಾಳಿ.

ಸದ್ದು ಹುಟ್ಟುವುದು ಹೇಗೆ? ಡಿಸ್ಕ್ ಎಂದರೆ ಒಂದು ಜಾಗಟೆ. ತಟ್ಟಿದರೆ ತನ್ನದೇ ಸ್ವರಗಳಲ್ಲಿ ಮೊಳಗುತ್ತದೆ. ಪ್ಯಾಡ್ ಅದನ್ನು ಉಜ್ಜುವಾಗ ಘರ್ಷಣೆಯ ಬಲ ಒಂದೇ ಸಮನಾಗಿರುವುದಿಲ್ಲ. ವೇಗ ಹೆಚ್ಚಿದಂತೆ ಘರ್ಷಣೆ ಕುಗ್ಗುವುದೇ ಕಂಪನಕ್ಕೆ ಕಾರಣ ಎಂಬುದು ಮಿಲ್ಸ್ ಕಾಲದ ವಿವರಣೆ. 1961ರಲ್ಲಿ ಸಂಶೋಧಕ ಸ್ಪರ್ ಇನ್ನೊಂದು ಮಾತು ಹೇಳಿದರು: ಘರ್ಷಣೆ ಬದಲಾಗದಿದ್ದರೂ ಪ್ಯಾಡ್ ಒರಗಿ ನಿಂತ ಕೋನವೊಂದೇ ಸಾಕು, ಅದು ಕಚ್ಚಿ, ಬಿಟ್ಟು, ಮತ್ತೆ ಕಚ್ಚುತ್ತದೆ. 1970ರ ದಶಕದಲ್ಲಿ ನಾರ್ತ್ ಮೊದಲಾದವರು ಎರಡು ಬಗೆಯ ಕಂಪನಗಳು ಒಂದೇ ಆವರ್ತನದಲ್ಲಿ ಸೇರಿ ಒಂದನ್ನೊಂದು ಬೆಳೆಸುವುದನ್ನು ಲೆಕ್ಕ ಹಾಕಿ ತೋರಿಸಿದರು. ಕಿರುಚು ಎನ್ನುವುದು ಸಾಮಾನ್ಯವಾಗಿ ಸಾವಿರ ಹರ್ಟ್ಸ್ ಮೇಲಿನ ಮಾತು. ಗ್ಯಾರೇಜಿನಲ್ಲಿ ಕೆಲಸಕ್ಕೆ ಬರುವುದು ಸ್ಪರ್ ಹೇಳಿದ್ದು. ಕ್ಯಾಲಿಪರ್ ಬದಲಾದಾಗ ಮೊದಲು ಬದಲಾಗುವುದೇ ಪ್ಯಾಡ್ ಒರಗುವ ರೀತಿ.

ಆದ್ದರಿಂದ ಕೈ ಮೊದಲು ಹೋಗಬೇಕಾದದ್ದು ಪ್ಯಾಡ್ ಕೂರುವ ತೋಡಿಗೆ. ರೀಕಂಡೀಷನ್ ಮಾಡಿದವರು ಅಂದಕ್ಕೆಂದು ಪೌಡರ್ ಕೋಟಿಂಗ್ ಮಾಡಿರುತ್ತಾರೆ. ಆ ಬಣ್ಣದ ಪದರವೇ ಪ್ಯಾಡನ್ನು ಬಿಗಿಹಿಡಿಯುತ್ತದೆ. ಪ್ಯಾಡ್ ಬೆರಳಲ್ಲಿ ತಳ್ಳಿದರೆ ಸರಿಯಬೇಕು, ಹಾಗೆಂದು ಗಡಗಡ ಆಡಲೂಬಾರದು. ಆಮೇಲೆ ಶಿಮ್, ಅಂದರೆ ಪ್ಯಾಡಿನ ಬೆನ್ನಿಗಿಡುವ ತೆಳು ತಗಡು. ಹಳೆಯ ಗರ್ಲಿಂಗ್ ಕ್ಯಾಲಿಪರುಗಳ ಶಿಮ್ ಮೇಲೆ ಬಾಣದ ಗುರುತಿರುತ್ತದೆ. ಕಾರು ಮುಂದೆ ಹೋಗುವಾಗ ಡಿಸ್ಕ್ ತಿರುಗುವ ದಿಕ್ಕಿಗೆ ಅದು ಮುಖಮಾಡಿರಬೇಕು. ಎಷ್ಟೋ ಕಡೆ ಆ ತಗಡಿನ ಚೂರು ಹಳೆಯ ಪ್ಯಾಡಿನ ಜೊತೆ ಕಸದ ಬುಟ್ಟಿ ಸೇರಿರುತ್ತದೆ. ಮೂರನೆಯದು ಪಿಸ್ಟನ್ ಮುಖದಲ್ಲಿ ಕಡಿದಿಟ್ಟ ಮೆಟ್ಟಿಲು. ಜರ್ಮನಿಯ ಅಟೆ ಕ್ಯಾಲಿಪರುಗಳಲ್ಲಿ ಇದನ್ನು 20 ಡಿಗ್ರಿ ಕೋನಕ್ಕೆ ಗೇಜ್ ಇಟ್ಟು ತಿರುಗಿಸಿ ಕೂರಿಸುತ್ತಾರೆ. ಡಿಸ್ಕ್ ಒಳಹೊಗುವ ಅಂಚಿನಲ್ಲಿ ಒತ್ತಡ ತಗ್ಗಿದರೆ ಪ್ಯಾಡ್ ಕಚ್ಚುವುದು ಕಡಿಮೆಯಾಗುತ್ತದೆ. ಎಲ್ಲ ತಯಾರಕರ ಮೆಟ್ಟಿಲೂ ಒಂದೇ ದಿಕ್ಕಿಗಿರುವುದಿಲ್ಲ. ಆಯಾ ಕಾರಿನ ಕೈಪಿಡಿ ತೆರೆಯದೆ ಇದಕ್ಕೆ ಕೈಹಾಕಬೇಡಿ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಮ್ಮ ಕಸುಬಿನಲ್ಲಿ ಎಷ್ಟೋ ಸಲ ನೆಲ ನಿಜಕ್ಕೂ ಡೊಂಕಾಗಿರುತ್ತದೆ. ಹಬ್ ಮುಖದ ತುಕ್ಕನ್ನು ಕೆರೆಯದೆ ಡಿಸ್ಕ್ ಬಿಗಿದರೆ ಅದು ತೂಗಾಡುತ್ತದೆ. ಡಯಲ್ ಗೇಜ್ ಇಟ್ಟು ಒಂದು ಸುತ್ತು ತಿರುಗಿಸಿ. ತೂಗಾಟ ಸಾಮಾನ್ಯವಾಗಿ 0.1 ಮಿ.ಮೀ. ದಾಟಬಾರದು, ಕೆಲವು ಕಾರುಗಳಿಗೆ ಅದರ ಅರ್ಧವೇ ಮಿತಿ. ಹಳೆಯ ಪ್ಯಾಡ್ ಬಿಟ್ಟುಹೋದ ಪದರದ ಮೇಲೆ ಬೇರೆ ಜಾತಿಯ ಪ್ಯಾಡ್ ಉಜ್ಜಿದರೂ ಕಿರುಚು ಬರಬಹುದು. ಎಮರಿ ಪೇಪರಿನಲ್ಲಿ ಆ ಹೊಳಪು ಮುರಿದು, ಖಾಲಿ ರಸ್ತೆಯಲ್ಲಿ ಮಧ್ಯಮ ವೇಗದಿಂದ ಹಲವು ಸಲ ಬ್ರೇಕ್ ಹಾಕಿ, ನಡುವೆ ಆರಲು ಬಿಟ್ಟು, ಹೊಸ ಪ್ಯಾಡನ್ನು ಪಳಗಿಸಬೇಕು. ನಮ್ಮ ಊರುಗಳ ಹವೆಯೂ ಇದರಲ್ಲಿ ಕೈಯಾಡಿಸುತ್ತದೆ. 2016ರ ಮೇ ತಿಂಗಳಲ್ಲಿ 48 ಡಿಗ್ರಿ ಮುಟ್ಟಿದ ಅಹಮದಾಬಾದಿನಲ್ಲಿ ಧೂಳು ಪ್ಯಾಡಿನೊಳಗೆ ಹೂತುಕೊಳ್ಳುತ್ತದೆ. ಸಮುದ್ರದ ತೇವವಿರುವ ಸೂರತ್‌ನಲ್ಲಿ ಮಳೆಗಾಲ ಪೂರ್ತಿ ಶೆಡ್ಡಿನಲ್ಲಿ ನಿಂತ ಕಾರಿನ ಡಿಸ್ಕ್ ಮೇಲೆ ತುಕ್ಕಿನ ಪೊರೆ ಬಂದಿರುತ್ತದೆ. ಅಂಥ ಕಾರು ಬೆಳಗ್ಗೆ ಎರಡು ಸಲ ಕಿರುಚಿ ಸುಮ್ಮನಾದರೆ ಅದನ್ನು ಬಿಚ್ಚಲು ಹೋಗಬೇಡಿ.

ಇನ್ನು ಎಚ್ಚರಿಕೆಯ ಮಾತು. ಕಿರುಚುವ ಬ್ರೇಕೆಲ್ಲ ಕೆಟ್ಟದ್ದಲ್ಲ, ಸುಮ್ಮನಿರುವುದೆಲ್ಲ ಒಳ್ಳೆಯದೂ ಅಲ್ಲ. ಎಡ ಬಲ ಅದಲುಬದಲಾಗಿ ಕೂತ ಕ್ಯಾಲಿಪರಿನಲ್ಲಿ ಗಾಳಿ ಹೊರಬಿಡುವ ಬ್ಲೀಡರ್ ನಿಪ್ಪಲ್ ಕೆಳಗೆ ಹೋಗುತ್ತದೆ, ಗಾಳಿ ಮೇಲೆಯೇ ಉಳಿಯುತ್ತದೆ. ಸದ್ದು ಒಂದಿಷ್ಟೂ ಇಲ್ಲ, ಪೆಡಲ್ ಮಾತ್ರ ನೆಲ ಮುಟ್ಟುತ್ತದೆ. ಟ್ರಯಂಫ್ ಟಿಆರ್6ರ ಮೊದಲ ಕಾರುಗಳ ಕ್ಯಾಲಿಪರ್ ಇಂಚಿನ ಮರೆಯದು (ಥ್ರೆಡ್), ನಂತರದವುಗಳದ್ದು ಮೆಟ್ರಿಕ್. 3/8 ಇಂಚಿನ ಪೈಪ್ ನಟ್ಟನ್ನು 10 ಮಿ.ಮೀ. ತೂತಿಗೆ ತಿರುಗಿಸಿ ನೋಡಿ: ಹೋಗುತ್ತದೆ, ಬಿಗಿಯಾದಂತೆಯೂ ಅನಿಸುತ್ತದೆ. ಅರ್ಧ ಮಿ.ಮೀ. ಸಡಿಲಿರುವ ಆ ಮರೆ ತುರ್ತಾಗಿ ಬ್ರೇಕ್ ಒತ್ತಿದ ದಿನ ಕಿತ್ತುಬರಬಹುದು. ಈ ಸಂಕಿರಣದಲ್ಲಿ ಕಿರುಚಾಟಕ್ಕಿಂತ ಈ ಮೌನದ ಬಗ್ಗೆಯೇ ಹೆಚ್ಚು ಚರ್ಚೆಯಾಗಲಿ ಎಂಬುದು ನನ್ನ ಆಸೆ. ಪ್ಯಾಡಿನ ಬೆನ್ನಿಗೆ ಕೈಗೆ ಸಿಕ್ಕ ಗ್ರೀಸು ಮೆತ್ತುವುದೂ ಇದೇ ಜಾತಿಯ ಕೆಲಸ. ಪೆಟ್ರೋಲಿಯಂ ಗ್ರೀಸು ಪಿಸ್ಟನ್ನಿನ ರಬ್ಬರನ್ನು ಉಬ್ಬಿಸುತ್ತದೆ. ಬ್ರೇಕಿಗೆಂದೇ ಇರುವ, ಶಾಖ ತಡೆಯುವ ಗ್ರೀಸು ಬೆನ್ನಿಗೆ ತೆಳುವಾಗಿ, ಅಷ್ಟೇ. 

ಸದ್ದಡಗಿಸುವ ಆತುರಕ್ಕೆ ತೆತ್ತ ದೊಡ್ಡ ಬೆಲೆಯ ಕತೆಯೂ ಈ ನೆಲಕ್ಕೆ ಬಂದು ಮುಟ್ಟುತ್ತದೆ. ಬ್ರಿಟಿಷ್ ಎಂಜಿನಿಯರ್ ಲ್ಯಾಂಚೆಸ್ಟರ್ 1902ರಲ್ಲಿ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದಾಗ ಪ್ಯಾಡ್ ತಾಮ್ರದ್ದು, ಕಿರುಚಾಟ ಕೇಳಲಾರದಷ್ಟು. ಹರ್ಬರ್ಟ್ ಫ್ರೂಡ್ ಆಸ್ಬೆಸ್ಟಾಸ್ ಹೊದಿಸಿ ಅದನ್ನು ತಣಿಸಿದರು. ಆಮೇಲೆ ದಶಕಗಳ ಕಾಲ ಜಗತ್ತಿನ ಬಹುಪಾಲು ಬ್ರೇಕುಗಳು ಆ ನಾರಿನಲ್ಲೇ ನಿಂತವು, ಅದರ ಧೂಳು ಕಾರ್ಮಿಕರ ಶ್ವಾಸಕೋಶ ಸೇರಿತು. ಆಸ್ಬೆಸ್ಟಾಸ್ ಕಾರ್ಮಿಕರ ಪರವಾಗಿ ಸುಪ್ರೀಂ ಕೋರ್ಟಿಗೆ ಹೋದದ್ದು ಅಹಮದಾಬಾದಿನ ಗ್ರಾಹಕ ಶಿಕ್ಷಣ ಮತ್ತು ಸಂಶೋಧನಾ ಕೇಂದ್ರ. ಕಾರ್ಮಿಕನ ಆರೋಗ್ಯ ಬದುಕುವ ಹಕ್ಕಿನ ಭಾಗ ಎಂದು 1995ರ ಜನವರಿಯಲ್ಲಿ ತೀರ್ಪು ಬಂತು. ಹಳೆಯ ಕಾರಿನಲ್ಲಿ ಸಿಗುವ ಹಳೆಯ ಪ್ಯಾಡ್ ಯಾವ ಕಾಲದ್ದೋ ಹೇಳುವಂತಿಲ್ಲ. ಏರ್ ಗನ್ ಹಿಡಿದು ಆ ಧೂಳು ಊದಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಬೇರೆ ಇಡಿ. ಎಳೆಯ ಹುಡುಗರು ಕೆಲಸ ಕಲಿಯುವ ಗ್ಯಾರೇಜುಗಳಲ್ಲಿ ಇದು ನಿಯಮವೇ ಆಗಬೇಕು.

ಮೂಲದಂತೆಯೇ ಇರಬೇಕು ಎಂದು ಹಟ ಹಿಡಿಯುವ ಮಾಲೀಕರಿಗೊಂದು ಮಾತು. 50 ವರ್ಷ ದಾಟಿದ ವಾಹನಗಳಿಗೆಂದು 2021ರ ಜುಲೈಯಲ್ಲಿ ಬಂದ ಕೇಂದ್ರದ ನಿಯಮ ಮೂಲರೂಪದ ಬಗ್ಗೆ ಹೇಳುವಾಗ ಹೆಸರಿಸುವುದು ಚಾಸಿಸ್, ಬಾಡಿ, ಎಂಜಿನ್‌ಗಳನ್ನು. ಬ್ರೇಕಿನ ಹೆಸರು ಅಲ್ಲಿಲ್ಲ. ಪ್ರದರ್ಶನದ ತೀರ್ಪುಗಾರರು ಅಂಕ ಕಳೆಯಬಹುದು, ಕಳೆಯಲಿ. ಆಸ್ಬೆಸ್ಟಾಸ್ ಇಲ್ಲದ ಪ್ಯಾಡ್ ಹಾಕಿಸಿ.

ಪ್ರಬಂಧ ಮಂಡಿಸುವವರಲ್ಲಿ ಒಂದು ಕೋರಿಕೆ. "ಗ್ರೀಸು ಹಾಕಿದೆವು, ಸರಿಹೋಯಿತು" ಎಂದಷ್ಟೇ ಬರೆಯಬೇಡಿ. ಯಾವ ಪ್ಯಾಡ್, ಡಿಸ್ಕ್ ದಪ್ಪ ಎಷ್ಟು, ತೂಗಾಟ ಎಷ್ಟು, ಸದ್ದು ಎಷ್ಟು ಹರ್ಟ್ಸ್ ಎಂಬುದನ್ನು ಜಾಬ್ ಕಾರ್ಡಿನಲ್ಲಿ ದಾಖಲಿಸಿ. ಹರ್ಟ್ಸ್ ಅಳೆಯಲು ಈಗ ಮೊಬೈಲ್ ಫೋನೇ ಸಾಕು. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ. ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ವಾಸಿಯಾಯಿತೆಂದು ಯಾರಿಗೂ ತಿಳಿಯುವುದಿಲ್ಲ. ಚಹಾ ಆದ ಕೂಡಲೇ ಹಿಂದಿನ ಅಂಗಳದಲ್ಲಿ ಹಬ್ ಮೇಲೆ ಡಯಲ್ ಗೇಜ್ ಕೂರಿಸುವ ಪ್ರಾತ್ಯಕ್ಷಿಕೆ ಇದೆ. ಪ್ರಾಧ್ಯಾಪಕರು ಮುಂದಿನ ಸಾಲಿನಲ್ಲಿ ನಿಲ್ಲಬೇಕು, ಮೆಕ್ಯಾನಿಕ್ ಮಿತ್ರರು ಅಳತೆ ತೆಗೆಯುತ್ತಾರೆ.