ಬೆಟ್ಟದ ಭೂಮಿಯಲ್ಲಿ ಬಿಡಿ ಪಾಲು

(ಉಪನ್ಯಾಸದ ಲಿಖಿತ ರೂಪ)



ಹಲವರು ಸ್ವಲ್ಪ ಸ್ವಲ್ಪ ಹಣ ಸೇರಿಸಿ ಒಂದು ಆಸ್ತಿಯನ್ನು ಕೊಳ್ಳುವ ಪದ್ಧತಿಗೆ ಈಗ ‘ಕ್ರೌಡ್‌ಫಂಡಿಂಗ್’ ಎಂಬ ಹೆಸರು ಬಂದಿದೆ. ಮೊಬೈಲಿನಲ್ಲೇ ಹಣ ಕಟ್ಟಬಹುದೆಂಬುದಷ್ಟೇ ಇದರಲ್ಲಿ ಹೊಸತು. ಊರಿನ ಚೀಟಿಯಲ್ಲಿ ಒಬ್ಬರನ್ನೊಬ್ಬರು ಬಲ್ಲರು. ಇಲ್ಲಿ ಹಣ ಕಟ್ಟಿದವನು ಅನೇಕ ವೇಳೆ ಭೂಮಿಯನ್ನೂ ಕಂಡಿರುವುದಿಲ್ಲ, ಪಾಲುಗಾರನನ್ನೂ ಕಂಡಿರುವುದಿಲ್ಲ.

ಕಾಣದ ಭೂಮಿಗೆ ಹಣ ಕಟ್ಟಿದ ಕಥೆ ಹಳೆಯದು. 1990ರ ದಶಕದಲ್ಲಿ ತೇಗದ ಸಸಿಗಳನ್ನು ‘ಯೂನಿಟ್’ ಲೆಕ್ಕದಲ್ಲಿ ಮಾರಿದ ಕಂಪನಿಗಳಿದ್ದವು. ತೇಗವು ಬೆಲೆಬಾಳುವ ಮರವಾಗಲು ದಶಕಗಳು ಬೇಕು. ಪ್ರಚಾರಪತ್ರಗಳ ತೇಗ ಮಾತ್ರ ಬಹು ಬೇಗ ಬೆಳೆಯುತ್ತಿತ್ತು. 1999ರ ತಿದ್ದುಪಡಿಯಿಂದ ಸೆಬಿ ಕಾಯಿದೆಗೆ 11ಎಎ ಎಂಬ ಕಲಮು ಸೇರಿತು. ಹಲವರ ಹಣ ಒಟ್ಟುಗೂಡಿಸಿ, ಬೇರೊಬ್ಬರು ನಿರ್ವಹಿಸಿ, ದಿನನಿತ್ಯದ ಹಿಡಿತ ಹೂಡಿದವರ ಕೈಯಲ್ಲಿರದ ಯೋಜನೆಯು ಸಾಮೂಹಿಕ ಹೂಡಿಕೆ. ಅದಕ್ಕೆ ಸೆಬಿಯ ನೋಂದಣಿ ಬೇಕು. ಕೃಷಿಭೂಮಿಯ ಮಾರಾಟ ಮತ್ತು ಅಭಿವೃದ್ಧಿಯ ಹೆಸರಿನ ಯೋಜನೆಯೂ ಇದರೊಳಗೆ ಬರಬಲ್ಲದೆಂದು ಸರ್ವೋಚ್ಚ ನ್ಯಾಯಾಲಯವು 2013ರಲ್ಲಿ ಪಿಜಿಎಫ್ ಪ್ರಕರಣದಲ್ಲಿ ಹೇಳಿತು. ಮರುವರ್ಷ ಪಿಎಸಿಎಲ್ ಕಂಪನಿಯು ಸುಮಾರು 49,100 ಕೋಟಿ ರೂಪಾಯಿ ಹಿಂದಿರುಗಿಸಬೇಕೆಂದು ಸೆಬಿ ಆದೇಶಿಸಿತು. ಹಣ ಕಟ್ಟಿದ್ದವರು 5 ಕೋಟಿಗೂ ಮಿಕ್ಕಿ.

2024ರಲ್ಲಿ ಸೆಬಿ ಸಣ್ಣ ಮತ್ತು ಮಧ್ಯಮ ‘ರೀಟ್’ಗಳಿಗೆ ನಿಯಮ ರೂಪಿಸಿದೆ: ಕನಿಷ್ಠ ಹೂಡಿಕೆ 10 ಲಕ್ಷ, ಕನಿಷ್ಠ 200 ಹೂಡಿಕೆದಾರರು. ಆದರೆ ಅದು ಮುಖ್ಯವಾಗಿ ಕಟ್ಟಿ ಮುಗಿದು ಬಾಡಿಗೆ ತರುವ ಕಟ್ಟಡಗಳಿಗೆ. ಮಲೆನಾಡಿನ ತೋಟದ ತುಂಡಿಗೆ ಆ ರಕ್ಷಣೆ ದೊರೆಯದು.

ಇಲ್ಲಿನ ವ್ಯವಹಾರವೇ ಬೇರೆ. ತೋಟವನ್ನು ಗುಂಟೆಗಳಾಗಿ ಸೀಳಿ, ನಗರದವರಿಗೆ ಹಂಚಿ, ‘ಗಿಡ ನಾವು ನೋಡಿಕೊಳ್ಳುತ್ತೇವೆ, ಆದಾಯ ನಿಮಗೆ’ ಎನ್ನಲಾಗುತ್ತದೆ. ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳಲಿದ್ದ ತಡೆಯನ್ನು 2020ರ ಭೂಸುಧಾರಣಾ ತಿದ್ದುಪಡಿ ತೆಗೆಯಿತು. (ಕಾಫಿ, ಏಲಕ್ಕಿ ತೋಟಗಳಿಗೆ ಆ ತಡೆ ಮೊದಲೂ ಇರಲಿಲ್ಲ, ಎಲ್ಲಕ್ಕೂ ತಿದ್ದುಪಡಿಯನ್ನೇ ದೂರುವವರು ಇದನ್ನು ಮರೆಯುತ್ತಾರೆ.) ಕಾಫಿ ಫಲಕ್ಕೆ ಬರಲು ಮೂರು ನಾಲ್ಕು ವರ್ಷ, ಅಡಿಕೆಗೆ ಐದಾರು. ಹೊಸದಾಗಿ ನೆಟ್ಟ ತೋಟದಿಂದ ಮೊದಲ ವರ್ಷವೇ ಆದಾಯ ಬಂದರೆ ಅದು ಗಿಡ ಕೊಟ್ಟದ್ದಲ್ಲ. ಕಟ್ಟಿದವನ ಹಣವೇ ಅವನಿಗೆ ಮರಳುತ್ತಿರಬಹುದು, ಇಲ್ಲವೇ ಆಮೇಲೆ ಸೇರಿದವನದು.

ಹಣಕ್ಕಿಂತ ದೊಡ್ಡ ಪ್ರಶ್ನೆ ನೀರಿನದು. ಇಳಿಜಾರಿನ ತೋಟದಲ್ಲಿ ಮೇಲಿನ ಬಸಿಗಾಲುವೆ ಸರಿಯಿದ್ದರೆ ಕೆಳಗಿನ ಗದ್ದೆ ಉಳಿಯುತ್ತದೆ. ತುಂಡು ಮಾಡಿದ ಮೇಲೆ ಪ್ರತಿ ಪಾಲಿಗೂ ದಾರಿ ಬೇಕು. ದಾರಿಗಾಗಿ ಜೆಸಿಬಿ ಗುಡ್ಡದ ಬುಡವನ್ನು ನೆಟ್ಟಗೆ ಕಡಿಯುತ್ತದೆ. ಬುಡದ ಆಸರೆ ತಪ್ಪಿದ ಮಣ್ಣು ಮಳೆನೀರು ಕುಡಿದು, ಭಾರವಾಗಿ, ಜಾರುತ್ತದೆ. ಗುಡ್ಡ ಜಾರಿದರೆ ಏನಾಗುವುದೆಂಬುದನ್ನು 2018ರ ಆಗಸ್ಟಿನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲದ ಜನ ಕಂಡಿದ್ದಾರೆ. ನಲವತ್ತು ಪಾಲುದಾರರು ನಲವತ್ತು ಊರುಗಳಲ್ಲಿರುವಾಗ ಹೂತುಹೋದ ಬಸಿಗಾಲುವೆಯನ್ನು ಬಿಡಿಸುವವರು ಯಾರು? ಕೆಳಗಿನ ಗದ್ದೆಯವನು ಯಾರಲ್ಲಿ ದೂರಬೇಕು?

ಹೂಡುವವರು ಪಹಣಿಯಲ್ಲಿ ಯಾರ ಹೆಸರಿದೆಯೆಂದು ನೋಡಬೇಕು. ಹಣವನ್ನು ಒಟ್ಟುಗೂಡಿಸಿ ನಿರ್ವಹಿಸುವವರಿದ್ದರೆ ಸೆಬಿ ನೋಂದಣಿಯ ಸಂಖ್ಯೆ ಕೇಳಬೇಕು. ಮಾರುವ ರೈತರು ಹಳ್ಳ, ಬಸಿಗಾಲುವೆ, ನೆರೆಯವರ ಕಾಲುದಾರಿ ಇವುಗಳನ್ನು ಕ್ರಯಪತ್ರದಲ್ಲೇ ಬರೆಯಿಸಬೇಕು. ಭೂಮಿ ಕೈಬಿಟ್ಟ ಮೇಲೆ ಬರೆಯಿಸಲು ಬರುವುದಿಲ್ಲ.