ದೊಡ್ಡ ವಿಶ್ವವಿದ್ಯಾನಿಲಯ ಎಂದರೆ ಯಾವುದು?

(ಸೋಮಂದೇಪಲ್ಲಿಯಲ್ಲಿ ಕಾರ್ಮಿಕ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ)



ಪ್ರಪಂಚದ ಮಟ್ಟದಲ್ಲಿ ಶ್ರೇಷ್ಠವೆನಿಸುವ ವಿಶ್ವವಿದ್ಯಾನಿಲಯದ ಲಕ್ಷಣಗಳೇನು ಎಂಬ ವಿಷಯವನ್ನು ಈ ದಿನ ನನಗೆ ಕೊಟ್ಟಿದ್ದಾರೆ. ಎಸ್ಟೇಟಿನ ಲೈನ್ ಮನೆಯಲ್ಲಿ ವಾಸಿಸಿ, ದಿನದ ಹಾಜರಿಯ ಮೇಲೆ ಬದುಕುವ ನಮಗೆ ಈ ದೊಡ್ಡ ಮಾತು ಯಾಕೆ ಎಂದು ಕೆಲವರು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ ಸರಿ. ಆದರೆ ನಮ್ಮ ಮಕ್ಕಳು ಈಗ ಇಂಟರ್, ಪಿಯುಸಿ ಮುಗಿಸುತ್ತಿದ್ದಾರೆ. ಬೆಂಗಳೂರಿಗೆ ಹೋಗುವ ಹೆದ್ದಾರಿ ನಮ್ಮ ಸೋಮಂದೇಪಲ್ಲಿಯ ಪಕ್ಕದಲ್ಲಿಯೇ ಇದೆ. "ವಿಶ್ವದರ್ಜೆ", "ಜಾಗತಿಕ ಸ್ಥಾನ" ಎಂಬ ಜಾಹೀರಾತುಗಳು ಎಲ್ಲ ಕಡೆಯೂ ಕಾಣುತ್ತವೆ. ಆ ಮಾತನ್ನು ನಂಬಿ ತಾಯಿ ತನ್ನ ಓಲೆಯನ್ನು ಗಿರವಿ ಇಡುತ್ತಾಳೆ, ತಂದೆ ಸಾಲಪತ್ರಕ್ಕೆ ರುಜು ಹಾಕುತ್ತಾನೆ. ಹಾಗಿರುವಾಗ ಶ್ರೇಷ್ಠ ಎಂಬ ಮಾತಿನ ಅರ್ಥ ತಿಳಿಯಬೇಕಾದವರಲ್ಲಿ ನಾವೇ ಮೊದಲಿಗರು.

ಮೊದಲು ಈ ಸಂಸ್ಥೆ ಹೇಗೆ ಹುಟ್ಟಿತು ಎಂಬುದನ್ನು ನೋಡೋಣ. ಯೂರೋಪಿನಲ್ಲಿ ವಿಶ್ವವಿದ್ಯಾನಿಲಯಕ್ಕೆ ಇಟ್ಟ ಲ್ಯಾಟಿನ್ ಹೆಸರು "ಯೂನಿವರ್ಸಿತಾಸ್". ಆ ಕಾಲದಲ್ಲಿ ಅದಕ್ಕೆ ದೊಡ್ಡ ಕಟ್ಟಡ ಎಂಬ ಅರ್ಥ ಇರಲಿಲ್ಲ. ಸಂಘ ಎಂಬ ಅರ್ಥ ಇತ್ತು. ನೇಕಾರರು, ಚಮ್ಮಾರರು, ಬಡಗಿಗಳು ಕಟ್ಟಿಕೊಂಡಿದ್ದ ಕಸುಬಿನ ಸಂಘಗಳ ಹಾಗೆಯೇ ಓದುವವರೂ ಕಲಿಸುವವರೂ ಸಂಘ ಕಟ್ಟಿಕೊಂಡರು. ಇಟಲಿಯ ಬೊಲೋನ್ಯಾ ವಿಶ್ವವಿದ್ಯಾನಿಲಯ 1088ರಲ್ಲಿ ಆರಂಭವಾಯಿತೆಂದು ಲೆಕ್ಕ. ಅಲ್ಲಿ ಪರಊರಿನಿಂದ ಬಂದ ವಿದ್ಯಾರ್ಥಿಗಳು ಒಗ್ಗಟ್ಟಾಗಿ ಮನೆ ಬಾಡಿಗೆಯ ದರವನ್ನು ಗೊತ್ತುಮಾಡಿಸಿದರು. ಉಪಾಧ್ಯಾಯರು ಪಾಠಕ್ಕೆ ತಡವಾಗಿ ಬಂದರೆ ದಂಡ ಹಾಕುತ್ತಿದ್ದರು. ಕಾರ್ಮಿಕ ಸಂಘವನ್ನು ಬಲ್ಲ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವಿಶ್ವವಿದ್ಯಾನಿಲಯ ಮೂಲದಲ್ಲಿ ದುಡಿಯುವವರ ಒಂದು ಕೂಟ. ಅಲ್ಲಿನ ದುಡಿಮೆ, ಸತ್ಯವನ್ನು ಹುಡುಕುವುದು.

ಈಗ ಪ್ರಪಂಚದ ಪಟ್ಟಿಗಳ ವಿಷಯಕ್ಕೆ ಬರೋಣ. ಚೀನಾದ ಶಾಂಘೈ ನಗರದ ಒಂದು ವಿಶ್ವವಿದ್ಯಾನಿಲಯ 2003ರಲ್ಲಿ ಲೋಕದ ವಿಶ್ವವಿದ್ಯಾನಿಲಯಗಳನ್ನು ಒಂದು, ಎರಡು, ಮೂರು ಎಂದು ಸಾಲಾಗಿ ನಿಲ್ಲಿಸುವ ಪಟ್ಟಿಯನ್ನು ಹೊರಡಿಸಿತು. ಅದರ ನೂರು ಅಂಕಗಳಲ್ಲಿ ಮೂವತ್ತು, ಅಲ್ಲಿ ಓದಿದವರಿಗೂ ಅಲ್ಲಿ ಕೆಲಸ ಮಾಡಿದವರಿಗೂ ಬಂದ ನೊಬೆಲ್ ಮುಂತಾದ ದೊಡ್ಡ ಬಹುಮಾನಗಳಿಗೆ. ಆಮೇಲೆ ಇಂಗ್ಲೆಂಡಿನಿಂದ ಬೇರೆ ಪಟ್ಟಿಗಳು ಬಂದವು. ಅವುಗಳಲ್ಲಿ ಒಂದರ ಹೆಸರು ಕ್ಯೂಎಸ್. 2021ರಲ್ಲಿ ಆ ಪಟ್ಟಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಒಂದು ಕಲಮಿನಲ್ಲಿ ನೂರಕ್ಕೆ ನೂರು ಅಂಕ ಕೊಟ್ಟಿತು. ಆ ಸಂಸ್ಥೆಯ ಅಧ್ಯಾಪಕರು ಬರೆದ ಸಂಶೋಧನೆಗಳನ್ನು ಲೋಕದ ಇತರ ವಿದ್ವಾಂಸರು ತಲೆಗೆ ಎಷ್ಟರಂತೆ ಆಧಾರವಾಗಿ ಬಳಸಿದ್ದಾರೆ ಎಂಬ ಲೆಕ್ಕ ಅದು. ಆದರೂ ಒಟ್ಟು ಪಟ್ಟಿಯಲ್ಲಿ ಅದೇ ಸಂಸ್ಥೆಗೆ ಸಿಕ್ಕಿದ್ದು 186ನೆಯ ಸ್ಥಾನ. ಯಾಕೆಂದರೆ ಆ ವರ್ಷ ನೂರರಲ್ಲಿ ನಲವತ್ತು ಅಂಕ ಇತರ ವಿದ್ವಾಂಸರನ್ನು ಅಭಿಪ್ರಾಯ ಕೇಳಿ ಕೊಟ್ಟದ್ದು. ಉದ್ಯೋಗ ಕೊಡುವವರ ಅಭಿಪ್ರಾಯಕ್ಕೆ ಹತ್ತು, ಹೊರದೇಶದ ಅಧ್ಯಾಪಕರೂ ವಿದ್ಯಾರ್ಥಿಗಳೂ ಎಷ್ಟಿದ್ದಾರೆ ಎಂಬುದಕ್ಕೆ ಮತ್ತೆ ಹತ್ತು.

ಕಾಫಿ ಕೊಯ್ಲು ಮಾಡಿದವರಿಗೆ, ಕಣದಲ್ಲಿ ಕಾಫಿ ಹರಡಿದವರಿಗೆ ಒಂದು ಸಂಗತಿ ಗೊತ್ತು. ಕ್ಯೂರಿಂಗ್ ಕಾರ್ಖಾನೆಯಲ್ಲಿ ಬೀಜವನ್ನು ಜರಡಿಯಲ್ಲಿ ಆಡಿಸಿ ದರ್ಜೆ ಮಾಡುತ್ತಾರೆ. ದಪ್ಪ ಬೀಜ ಮೇಲೆ ಉಳಿಯುತ್ತದೆ, ಸಣ್ಣದು ಕೆಳಗೆ ಬೀಳುತ್ತದೆ. ಜರಡಿ ಸುಳ್ಳು ಹೇಳುವುದಿಲ್ಲ. ಆದರೆ ಅದು ಹೇಳುವುದು ಗಾತ್ರವನ್ನು ಮಾತ್ರ. ರುಚಿ ಗೊತ್ತಾಗಬೇಕಾದರೆ ಹುರಿದು, ಪುಡಿ ಮಾಡಿ, ಕುಡಿದೇ ನೋಡಬೇಕು. ಲೋಕದ ಪಟ್ಟಿಗಳೂ ಇಂಥ ಜರಡಿಗಳೇ. ಅವನ್ನು ತೀರ ತಳ್ಳಿಹಾಕಬೇಡಿ, ಆದರೆ ಅವೇ ತೀರ್ಪು ಎಂದು ತಿಳಿಯಬೇಡಿ. ಕೂಲಿಯವರ ಮಗಳಿಗೆ ಹಾಸ್ಟೆಲಿನಲ್ಲಿ ಜಾಗ ಸಿಕ್ಕಿತೇ, ಓದು ಅರ್ಧಕ್ಕೆ ನಿಲ್ಲದೆ ಮುಗಿಯಿತೇ ಎಂಬುದನ್ನು ನಾನು ಈಗ ಹೇಳಿದ ಅಂಕಗಳು ಅಳೆಯುವುದಿಲ್ಲ.

ಹಾಗಾದರೆ ರುಚಿ ನೋಡುವುದು ಹೇಗೆ? ಅದೇ ವಿಜ್ಞಾನ ಸಂಸ್ಥೆಯನ್ನು ತೆಗೆದುಕೊಳ್ಳೋಣ. ಉದ್ಯಮಿ ಜಮ್‌ಶೇಟ್‌ಜೀ ಟಾಟಾ ಅದರ ಕನಸು ಕಂಡರು. 1904ರಲ್ಲಿ ಅವರು ತೀರಿಕೊಂಡರು. ಮೈಸೂರು ಸಂಸ್ಥಾನ 371 ಎಕರೆ ಭೂಮಿ ಕೊಟ್ಟಿತು. 1909ರಲ್ಲಿ ಸಂಸ್ಥೆ ಸ್ಥಾಪನೆಯಾಯಿತು. ಆಗ ಮೈಸೂರಿನ ಗಂಧದ ಮರ ಎಣ್ಣೆ ತೆಗೆಯುವುದಕ್ಕಾಗಿ ಜರ್ಮನಿಗೆ ಹೋಗುತ್ತಿತ್ತು. 1914ರಲ್ಲಿ ಮಹಾಯುದ್ಧ ಆರಂಭವಾಗಿ ಆ ವ್ಯಾಪಾರ ನಿಂತುಹೋಯಿತು. ಕಡಿದ ಗಂಧ ಇಲ್ಲಿಯೇ ರಾಶಿ ಬಿತ್ತು. ಈ ಸಂಸ್ಥೆಯ ರಸಾಯನಶಾಸ್ತ್ರಜ್ಞರಾದ ಸಡ್‌ಬರೋ ಮತ್ತು ವಾಟ್ಸನ್ ಇಲ್ಲಿಯೇ ಎಣ್ಣೆ ಇಳಿಸಿ ತೋರಿಸಿದರು. 1916ರಲ್ಲಿ ಮೈಸೂರು ಸರ್ಕಾರ ಬೆಂಗಳೂರಿನಲ್ಲಿ ಗಂಧದೆಣ್ಣೆಯ ಕಾರ್ಖಾನೆಯನ್ನು ತೆರೆಯಿತು. ನಾವೆಲ್ಲ ಬಲ್ಲ ಮೈಸೂರು ಸ್ಯಾಂಡಲ್ ಸೋಪು ಹುಟ್ಟಿದ್ದು ಆ ಎಣ್ಣೆಯಿಂದ. ನಾಡಿಗೆ ಒಂದು ಕಷ್ಟ ಬಂದಾಗ ಕೇಳಿದ ಪ್ರಶ್ನೆಗೆ ವಿದ್ಯೆ ಉತ್ತರ ಕೊಟ್ಟಿತು.

ಇನ್ನೊಂದು ಉದಾಹರಣೆ ತಾಯಂದಿರಿಗೆ ಹತ್ತಿರವಾದದ್ದು. 1974ರಲ್ಲಿ ಅದೇ ಸಂಸ್ಥೆಯ ಪ್ರಾಧ್ಯಾಪಕ ಅಮೂಲ್ಯ ರೆಡ್ಡಿಯವರು "ಅಸ್ತ್ರ" ಎಂಬ ವಿಭಾಗವನ್ನು ಆರಂಭಿಸಿದರು. ಹಳ್ಳಿಗಳ ಕೆಲಸಕ್ಕೆ ವಿಜ್ಞಾನವನ್ನು ಬಳಸುವುದು ಅದರ ಗುರಿ. ಅವರು ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಉಂಗ್ರ ಸೀಮೆಯ ಹಳ್ಳಿಗಳಿಗೆ ಹೋದರು. ಒಂದು ಮನೆಗೆ ಎಷ್ಟು ಸೌದೆ ಬೇಕು, ಅದನ್ನು ತರಲು ಹೆಂಗಸರೂ ಮಕ್ಕಳೂ ಎಷ್ಟು ಹೊತ್ತು ನಡೆಯುತ್ತಾರೆ ಎಂಬುದನ್ನು ಮನೆಮನೆಗೆ ಹೋಗಿ ಅಳೆದು ಬರೆದುಕೊಂಡರು. ಆ ಹಳ್ಳಿಗಳು ಉಪಯೋಗಿಸುವ ಶಕ್ತಿಯಲ್ಲಿ ಬಹುಪಾಲು ಸೌದೆಯೇ ಎಂದೂ, ಮಣ್ಣಿನ ಒಲೆಯಲ್ಲಿ ಅದರ ಶಾಖ ಹೆಚ್ಚಾಗಿ ವ್ಯರ್ಥವಾಗುತ್ತದೆ ಎಂದೂ ಕಂಡುಬಂತು. ಆಗ ಅಸ್ತ್ರ ಒಲೆ ಬಂತು. ಸೌದೆ ಉರಿಯುವ ಗೂಡನ್ನು ಮುಚ್ಚಿ, ಒಳಗೆ ಜಾಲರಿ ಇಟ್ಟು, ಒಂದೇ ಉರಿಯಲ್ಲಿ ಮೂರು ಪಾತ್ರೆ ಬೇಯುವಂತೆ ಮಾಡಿ, ಹೊಗೆಯನ್ನು ಕೊಳವೆಯಿಂದ ಮಾಡಿನ ಮೇಲಕ್ಕೆ ಬಿಟ್ಟರು. ಹೊಗೆಯಲ್ಲಿ ಕಣ್ಣು ಉರಿಸಿಕೊಂಡು, ಕೆಮ್ಮುತ್ತ ಅಡಿಗೆ ಮಾಡಿದ ತಾಯಂದಿರಿಗೆ ಇದರ ಬೆಲೆ ತಿಳಿಯುತ್ತದೆ. ಇದು ಸಣ್ಣ ವಿಜ್ಞಾನ ಎಂದು ಭಾವಿಸಬೇಡಿ. ಆ ಹಳ್ಳಿಗಳಲ್ಲಿ ತೆಗೆದ ಲೆಕ್ಕವನ್ನು ಹೊರದೇಶದ ವಿದ್ವಾಂಸರೂ ಓದಿದರು. ಬಡವನ ಪ್ರಶ್ನೆಯನ್ನು ಹಿಡಿದು ಲೋಕ ಒಪ್ಪುವಷ್ಟು ಕಟ್ಟುನಿಟ್ಟಾಗಿ ಉತ್ತರ ಹುಡುಕುವುದೇ ಶ್ರೇಷ್ಠತೆ ಎಂದು ನಾನು ತಿಳಿದಿದ್ದೇನೆ.

ಎರಡನೆಯ ಲಕ್ಷಣ, ಲೋಕದೊಡನೆ ಕೊಡುವುದೂ ತೆಗೆದುಕೊಳ್ಳುವುದೂ. ನಮ್ಮ ಮುದ್ದೆಯನ್ನೇ ನೋಡಿ. ರಾಗಿ ಬಹು ಪುರಾತನ ಕಾಲದಲ್ಲಿ ಆಫ್ರಿಕದಿಂದ ನಮ್ಮ ನಾಡಿಗೆ ಬಂದ ಧಾನ್ಯ. ಮಂಡ್ಯದ ವಿ.ಸಿ. ಫಾರಂನಲ್ಲಿ ದುಡಿದ ಲಕ್ಷ್ಮಣಯ್ಯನವರು ನಮ್ಮ ರಾಗಿಯನ್ನು ಆಫ್ರಿಕದ ರಾಗಿಯೊಡನೆ ಕೂಡಿಸಿ ಹೊಸ ತಳಿಗಳನ್ನು ಮಾಡಿದರು. ಇಂಡಿಯಾ, ಆಫ್ರಿಕ ಎಂಬ ಎರಡು ಹೆಸರುಗಳನ್ನು ಸೇರಿಸಿ ಅವಕ್ಕೆ "ಇಂಡಾಫ್" ಎಂದು ಹೆಸರಿಟ್ಟರು. ಜನ ಅವರನ್ನು ರಾಗಿ ಲಕ್ಷ್ಮಣಯ್ಯ ಎಂದೇ ಕರೆದರು. 1964ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯಕ್ಕೆ ಇಂಥವರ ಬೆವರಿನಿಂದ ಹೆಸರು ಬಂತು. ಇಲ್ಲಿಯೇ ನಮ್ಮ ಕದಿರಿಯಲ್ಲಿ ಆಂಧ್ರದ ಕೃಷಿ ವಿಶ್ವವಿದ್ಯಾನಿಲಯಕ್ಕೆ ಸೇರಿದ ಸಂಶೋಧನಾ ಕೇಂದ್ರವಿದೆ. 1940ರಲ್ಲಿ ಬಂದ ಟಿಎಂವಿ-2 ಎಂಬ ಹಳೆಯ ಶೇಂಗಾ ತಳಿಯನ್ನೇ ನಮ್ಮ ರೈತರು ದಶಕಗಳ ಕಾಲ ಬಿತ್ತುತ್ತಿದ್ದರು. 2005ರಲ್ಲಿ ಈ ಕೇಂದ್ರ ಕದಿರಿ-6 ಎಂಬ ತಳಿಯನ್ನು ಕೊಟ್ಟಿತು. ಮಳೆ ಕೈಕೊಡುವ ಈ ಸೀಮೆಯಲ್ಲಿ ವಿಶ್ವವಿದ್ಯಾನಿಲಯದ ಹೆಸರು ಕಲ್ಲಿನ ಮೇಲಿರುವುದಕ್ಕಿಂತ ಬಿತ್ತನೆ ಕಾಯಿಯ ಚೀಲದಲ್ಲಿರುವುದು ಮೇಲು.

ಮೂರನೆಯ ಲಕ್ಷಣ, ಬಾಗಿಲು. ಯಾರಿಗೆ ತೆರೆಯುತ್ತದೆ, ಯಾರಿಗೆ ಮುಚ್ಚುತ್ತದೆ? ಈ ವಿಷಯದಲ್ಲಿ ದೊಡ್ಡ ಸಂಸ್ಥೆಗಳೂ ಎಡವಿವೆ. 1933ರಲ್ಲಿ ಕಮಲಾ ಭಾಗವತ್ ಎಂಬ ಯುವತಿ ಮುಂಬಯಿಯಲ್ಲಿ ಪದವಿ ಪಡೆದು ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದಳು. ಆಗ ನಿರ್ದೇಶಕರಾಗಿದ್ದವರು ನೊಬೆಲ್ ಬಹುಮಾನ ಪಡೆದ ಸಿ.ವಿ. ರಾಮನ್. ಹೆಣ್ಣು ಎಂಬ ಕಾರಣಕ್ಕೆ ಅವರು ಸೇರಿಸಿಕೊಳ್ಳಲು ಒಪ್ಪಲಿಲ್ಲ. ಆಕೆ ಹಿಂತಿರುಗದೆ ಸತ್ಯಾಗ್ರಹ ಹೂಡಿದಳು. ಕೊನೆಗೆ ಒಂದು ವರ್ಷ ಪರೀಕ್ಷಿಸಿ ನೋಡುವ ಷರತ್ತಿನ ಮೇಲೆ ಸೇರಿಸಿಕೊಂಡರು. ಆಕೆಯ ಕೆಲಸವನ್ನು ಕಂಡ ಮೇಲೆ ಅಲ್ಲಿ ಇತರ ಹೆಣ್ಣುಮಕ್ಕಳಿಗೂ ದಾರಿಯಾಯಿತು. 1939ರಲ್ಲಿ ಆಕೆ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಪಿಎಚ್.ಡಿ. ಪಡೆದಳು. ಮದುವೆಯಾದ ಮೇಲೆ ಕಮಲಾ ಸೊಹೋನಿ ಎಂದು ಹೆಸರಾಗಿ, ಬಡಮಕ್ಕಳ ಪೌಷ್ಟಿಕ ಆಹಾರದ ವಿಷಯದಲ್ಲಿಯೂ ಕೆಲಸ ಮಾಡಿದಳು. ಬಾಗಿಲು ಮುಚ್ಚಿಯೇ ಇದ್ದಿದ್ದರೆ ನಷ್ಟ ಆಕೆಗೆ ಮಾತ್ರವೇ ಆಗುತ್ತಿತ್ತೇ?

ತೆರೆದ ಬಾಗಿಲಿನ ಮಾತೂ ಹೇಳಬೇಕು. ನಮ್ಮ ದೇಶದ ಶಾಲೆಯಲ್ಲಿ ಬೇರೆಯಾಗಿ ಕೂರಿಸಲ್ಪಟ್ಟಿದ್ದ ಭೀಮರಾವ್ ಅಂಬೇಡ್ಕರ್, ಬರೋಡ ಮಹಾರಾಜರ ವಿದ್ಯಾರ್ಥಿವೇತನದಿಂದ 1913ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾನಿಲಯಕ್ಕೆ ಹೋದರು. ಅಲ್ಲಿ ಎಲ್ಲರೊಡನೆ ಸಮನಾಗಿ ಕುಳಿತು ಓದಿದರು. ಇಂದು ಆ ವಿಶ್ವವಿದ್ಯಾನಿಲಯ ತನ್ನ ಹೆಮ್ಮೆಯ ವಿದ್ಯಾರ್ಥಿಗಳಲ್ಲಿ ಅವರನ್ನು ಎಣಿಸುತ್ತದೆ. ಬೆಂಚಿನ ಮೇಲೆ ಒಂದು ಜಾಗ, ಕೈಯಲ್ಲಿ ಒಂದು ವಿದ್ಯಾರ್ಥಿವೇತನ: ಅಷ್ಟರಿಂದ ಒಂದು ದೇಶದ ಸಂವಿಧಾನಕ್ಕೆ ದಾರಿಯಾಯಿತು.

ನಾಲ್ಕನೆಯದು ನಿರ್ಭಯ. ಕಂಡ ಸತ್ಯವನ್ನು, ಅದು ಸರ್ಕಾರಕ್ಕಾಗಲಿ, ಹಣ ಕೊಟ್ಟ ಧಣಿಗಾಗಲಿ ಹಿಡಿಸದಿದ್ದರೂ, ಮುಚ್ಚಿಡದೆ ಹೇಳುವ ಅಧ್ಯಾಪಕರಿರಬೇಕು. ತೂಕದವನು ಮೇಸ್ತ್ರಿಗೆ ಹೆದರಿ ತಕ್ಕಡಿ ಒತ್ತಿದರೆ ನಷ್ಟ ಕೊಯ್ದವರಿಗೆ. ವಿದ್ವಾಂಸನು ಹೆದರಿದರೂ ಹಾಗೆಯೇ.

ಬಾಂಧವರೇ, ಈಗ ಮನೆಗೆ ಒಯ್ಯಬೇಕಾದ ಮಾತು. ನಿಮ್ಮ ಮಗನನ್ನೋ ಮಗಳನ್ನೋ ಸೇರಿಸುವ ಮೊದಲು ಇವನ್ನು ವಿಚಾರಿಸಿ. ಒಂದು, ಅದು ನಿಜವಾಗಿ ವಿಶ್ವವಿದ್ಯಾನಿಲಯವೇ? ಕೇಂದ್ರದ ಅಥವಾ ರಾಜ್ಯದ ಕಾಯಿದೆಯಿಂದ ಸ್ಥಾಪನೆಯಾದವು, ಇಲ್ಲವೇ 1956ರ ಯುಜಿಸಿ ಕಾಯಿದೆಯಂತೆ ಮಾನ್ಯತೆ ಪಡೆದವು ಮಾತ್ರ ಪದವಿ ಕೊಡಬಹುದು. ನಕಲಿ ವಿಶ್ವವಿದ್ಯಾನಿಲಯಗಳ ಪಟ್ಟಿಯನ್ನು ಯುಜಿಸಿಯೇ ಪ್ರಕಟಿಸುತ್ತದೆ. ಎರಡು, ನ್ಯಾಕ್ ಎಂಬ ಸಂಸ್ಥೆ ಅದನ್ನು ಪರಿಶೀಲಿಸಿದೆಯೇ? 1994ರಲ್ಲಿ ಹುಟ್ಟಿದ ಈ ಸಂಸ್ಥೆ ಬೆಂಗಳೂರಿನಲ್ಲಿದೆ. ಮೂರು, ಖಾಯಂ ಅಧ್ಯಾಪಕರು ಎಷ್ಟು ಮಂದಿ? ನಾಲ್ಕು, ಪ್ರಯೋಗಶಾಲೆಯಲ್ಲಿ ಮಕ್ಕಳು ಕೈಯಾರೆ ಕೆಲಸ ಮಾಡುತ್ತಾರೆಯೇ, ಗ್ರಂಥಾಲಯ ಸಂಜೆಯ ಮೇಲೂ ತೆರೆದಿರುತ್ತದೆಯೇ? ಐದು, ನಮ್ಮಂಥವರ ಮಕ್ಕಳು ಅಲ್ಲಿ ಎಷ್ಟು ಮಂದಿ ಸೇರಿದರು, ಎಷ್ಟು ಮಂದಿ ಮುಗಿಸಿದರು? ಈ ಕಡೆಯ ಪ್ರಶ್ನೆಯನ್ನು ಅಲ್ಲಿ ಓದುತ್ತಿರುವ ಮಕ್ಕಳನ್ನೇ ಕೇಳಿ. ಏಜೆಂಟರ ಮಾತಿನ ಮೇಲೆ ಮುಂಗಡ ಕೊಡಬೇಡಿ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆ ಕೆಲವು ದೊಡ್ಡ ಕಮಾನುಗಳಿಗೂ ಸಲ್ಲುತ್ತದೆ.

ದೂರದ್ದೇ ದೊಡ್ಡದು ಎಂದೂ ತಿಳಿಯಬೇಡಿ. ಅನಂತಪುರದಲ್ಲಿ 1981ರಿಂದ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾನಿಲಯವಿದೆ. 2018ರಲ್ಲಿ ಕೇಂದ್ರೀಯ ವಿಶ್ವವಿದ್ಯಾನಿಲಯವೂ ಬಂತು. ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ 2011ರಿಂದ ಇಂಟರ್ ಮುಗಿಸಿದವರೂ ಪದವಿಗೆ ಸೇರಬಹುದು. ಪೈಪೋಟಿ ಕಠಿಣ, ಆದರೆ ಬಾಗಿಲು ಇದೆ. ಇವೆಲ್ಲ ಸಾರ್ವಜನಿಕ ಹಣದಿಂದ ನಡೆಯುತ್ತವೆ. ನಾವು ಕೊಳ್ಳುವ ಸೋಪು, ಬೆಂಕಿಪೊಟ್ಟಣದ ಮೇಲಿನ ತೆರಿಗೆಯೂ ಆ ಹಣದಲ್ಲಿ ಸೇರಿದೆ. ಆದುದರಿಂದ ಅಲ್ಲಿ ಪ್ರಶ್ನೆ ಕೇಳುವ ಹಕ್ಕು ನಮಗುಂಟು. ನಮ್ಮ ಬಾವಿಗಳು ಯಾಕೆ ಬತ್ತಿದವು, ಗುಳೆ ಹೋಗುವವರ ಮಕ್ಕಳ ಓದು ಹೇಗೆ ಸಾಗಬೇಕು ಎಂದು ಕೇಳೋಣ.

ಯುವಜನರೇ, ನೀವು ಅಲ್ಲಿಗೆ ಹೋದಾಗ ಲೈನ್ ಮನೆಯಿಂದ ಬಂದವರೆಂದು ನಾಚಬೇಡಿ. ತಾಯಿಯ ಒಲೆ, ತಂದೆಯ ಹೊಲ, ಎಸ್ಟೇಟಿನ ಕೆಲಸ ನಿಮಗೆ ಕಲಿಸಿದ ಪ್ರಶ್ನೆಗಳು ಅಲ್ಲಿನ ಅನೇಕರಿಗೆ ಗೊತ್ತಿಲ್ಲ. ಅವನ್ನು ಕೂಡ ತೆಗೆದುಕೊಂಡು ಹೋಗಿರಿ.